ಟಂಕಸಾಲೆಯ ತಪ್ಪೋ, ಬೀದಿಯ ಪೆಟ್ಟೋ?

ಜಾತ್ರೆ ಎಂದಮೇಲೆ ಯಾವುದಾದರೂ ಮೂಲೆಯಲ್ಲಿ ಹಳೇ ಬಿಲ್ಲಿ ಹರವಿಕೊಂಡು ಕೂತವನೊಬ್ಬ ಇರಲೇಬೇಕು. ಸೊಲ್ಲಾಪುರದ ಗಡ್ಡಾ ಜಾತ್ರೆಯಾದರೂ ಅಷ್ಟೆ, ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ಗುಡಿಯ ಹಾದಿಯಾದರೂ ಅಷ್ಟೆ. ಬಗ್ಗಿ ನೋಡಿದವರ ಕೈಗೆ ಸೊಟ್ಟಗಿನ ಎರಡು ರೂಪಾಯಿಯೊಂದನ್ನು ಇಟ್ಟು, ‘ಟಂಕಸಾಳ್ಯಾಗ ತಪ್ಪಿ ಬಂದದ್ದರೀ ಸಾಹೇಬ್ರ, ಇಂಥಾದ್ದು ಮತ್ತೊಂದು ಸಿಗಂಗಿಲ್ಲ’ ಎನ್ನುತ್ತಾನೆ. ಎರಡನೆಯ ಮಾತು ಖರೆ. ಸುತ್ತಿಗೆಯ ಪೆಟ್ಟು ಎರಡು ಸಲ ಒಂದೇ ಥರ ಬೀಳುವುದಿಲ್ಲ. ಪರೀಕ್ಷೆ ಮಾಡಬೇಕಾದದ್ದು ಮೊದಲನೆಯ ಮಾತನ್ನು.

ಮುಂಬಯಿ, ಕೋಲ್ಕತ್ತ, ಹೈದರಾಬಾದ್, ನೊಯ್ಡಾ – ನಮ್ಮ ನಾಲ್ಕೂ ಟಂಕಸಾಲೆಗಳಲ್ಲಿ ಕೆಲಸದ ಕ್ರಮ ಹೆಚ್ಚುಕಡಿಮೆ ಒಂದೇ. ಲೋಹದ ಪಟ್ಟಿಯಿಂದ ದುಂಡು ಬಿಲ್ಲೆ ಕತ್ತರಿಸುತ್ತಾರೆ, ಕಾಯಿಸಿ ಮೆತ್ತಗೆ ಮಾಡುತ್ತಾರೆ, ಅಂಚನ್ನು ಒತ್ತಿ ಎಬ್ಬಿಸುತ್ತಾರೆ. ಕೊನೆಗೆ ಬಳೆಯಂಥ ಕಾಲರಿನೊಳಗೆ ಕೂಡಿಸಿ, ಮೇಲೊಂದು ಕೆಳಗೊಂದು ಅಚ್ಚಿನ ನಡುವೆ ಒತ್ತುತ್ತಾರೆ. ತಪ್ಪಾಗುವುದಿದ್ದರೆ ಇಷ್ಟರೊಳಗೇ ಆಗಬೇಕು. ಕೈಯಲ್ಲಿರುವ ನಾಣ್ಯದ ವಿಕಾರ ಇವುಗಳಲ್ಲಿ ಯಾವ ಹಂತದಲ್ಲಿ ಹುಟ್ಟಿತು ಎಂದು ಬಿಡಿಸಿ ಹೇಳಲು ಬಾರದಿದ್ದರೆ, ಅದು ಟಂಕಸಾಲೆಯ ಬಾಗಿಲು ದಾಟಿದ ಮೇಲೆ ಆದದ್ದೆಂದೇ ಹಿಡಿಯಬೇಕು.

ಎಲ್ಲಕ್ಕಿಂತ ಸುಲಭದ ಗುರುತು ಉಬ್ಬು–ತಗ್ಗಿನದು. ಅಚ್ಚು ಬಿರುಕು ಬಿಟ್ಟಿದ್ದರೆ ಲೋಹ ಆ ಬಿರುಕಿನೊಳಗೆ ಹೊಕ್ಕು ನಾಣ್ಯದ ಮೇಲೆ ಉಬ್ಬಿದ ಗೆರೆಯಾಗಿ ಏಳುತ್ತದೆ. ಅಚ್ಚಿನ ಅಂಚಿನ ಚೂರೇ ಮುರಿದು ಬಿದ್ದಿದ್ದರೆ ಅಲ್ಲಿ ಅಕ್ಷರವೂ ಇಲ್ಲದ, ಚಿತ್ರವೂ ಇಲ್ಲದ ಒಂದು ಉಬ್ಬು ನಿಲ್ಲುತ್ತದೆ; ಸಂಗ್ರಾಹಕರ ಬಾಯಲ್ಲಿ ಅದು ‘ಕಡ್’. ಆಮೇಲೆ ಬಿದ್ದ ಗೀರು ತಗ್ಗಾಗಿರುತ್ತದೆ, ಅದರ ದಂಡೆಗೆ ಸರಿದ ಲೋಹ ಚೂಪಾಗಿ ನಿಂತಿರುತ್ತದೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸರಾಫರ ಮಸೂರವಿದ್ದರೆ ಇದಕ್ಕೆ ಅರ್ಧ ನಿಮಿಷ ಸಾಕು.

ಹವ್ಯಾಸಿಗಳು ಹೆಚ್ಚು ಬೆನ್ನು ಹತ್ತುವುದು ‘ಲಾಖಿ’ಯನ್ನು. ಒತ್ತಿದ ನಾಣ್ಯ ಹೊರಬೀಳದೆ ಅಚ್ಚಿಗೇ ಅಂಟಿಕೊಂಡು ಕೂತಾಗ, ಮುಂದಿನ ಬಿಲ್ಲೆಯ ಒಂದು ಮುಖಕ್ಕೆ ಅಚ್ಚಿನ ಬದಲು ಆ ನಾಣ್ಯವೇ ಒತ್ತುತ್ತದೆ. ಹೀಗಾಗಿ ಒಂದು ಕಡೆ ಸರಿಯಾದ ಚಿತ್ರ, ಇನ್ನೊಂದು ಕಡೆ ಅದೇ ಚಿತ್ರ ತಿರುವುಮುರುವಾಗಿ, ತಗ್ಗಾಗಿ. ನೋಡಲು ಚೆಂದ, ಬೆಲೆಯೂ ಇದೆ, ಅದಕ್ಕೇ ನಕಲಿಯೂ ಇದೆ. ಎರಡು ನಾಣ್ಯ ಜೋಡಿಸಿ ವೈಸಿನಲ್ಲಿ ಬಿಗಿದರೆ ಒಂದರ ಗುರುತು ಇನ್ನೊಂದರ ಮೇಲೆ ಮೂಡುತ್ತದಲ್ಲ, ಅಷ್ಟೇ ಕೈಚಳಕ. ಆದರೆ ನಕಲಿಯಲ್ಲಿ ಮೊದಲಿದ್ದ ಚಿತ್ರ ಪೂರ್ತಿ ಅಳಿಯುವುದಿಲ್ಲ, ತಗ್ಗಿನ ಅಕ್ಷರಗಳ ಕೆಳಗೆ ಉಳಿದಿರುತ್ತದೆ. ವೈಸಿನ ದವಡೆಗೆ ತಾಗಿದ ಹಿಂಬದಿ ಚಪ್ಪಟೆಯಾಗಿ ಹೊಳೆಯುತ್ತದೆ. ಅಸಲಿ ಲಾಖಿಯ ಹಿಂಬದಿಯಲ್ಲಿ ಸಿಂಹದ ಜಟೆಯವರೆಗೂ ಗೆರೆಗಳು ಚುರುಕಾಗಿರುತ್ತವೆ.

ಅಂಚು ಕಡಿದ ನಾಣ್ಯದ್ದು ಇನ್ನೊಂದು ಕಥೆ. ಪಟ್ಟಿ ಮುಂದೆ ಸರಿಯದೆ, ಹಿಂದಿನ ತೂತಿನ ಮೇಲೇ ಪಂಚು ಬಿದ್ದರೆ ಬಿಲ್ಲೆಗೆ ಚಂದ್ರನ ಕಲೆಯಂತೆ ಒಂದು ತುಂಡು ಕಡಿಮೆ. ಅಂಥ ಬಿಲ್ಲೆಯ ಅಂಚು ಎಬ್ಬಿಸುವಾಗ, ಕಡಿದ ಜಾಗದಲ್ಲಿ ಆಸರೆಯಿಲ್ಲದ್ದರಿಂದ ನೇರ ಎದುರಿನ ಅಂಚಿಗೂ ಒತ್ತಡ ಸಿಗುವುದಿಲ್ಲ. ಹಾಗಾಗಿ ಎದುರಿನ ಅಂಚೂ ಮಸುಕಾಗಿರುತ್ತದೆ. ಬ್ಲೇಕ್ಸ್‌ಲಿ ಗುರುತು ಎಂಬುದು ಇದೇ. ಕತ್ತರಿಯಿಂದ ಕಡಿದು ಅರ ಹಾಕಿದವನಿಗೆ ಈ ಎದುರು ಬದಿಯ ನೆನಪಿರುವುದಿಲ್ಲ.

ರೈಲು ಹಳಿಯ ಮೇಲೆ ನಾಣ್ಯ ಇಟ್ಟು ಕಾಯುವ ಆಟ ಗೊತ್ತಿಲ್ಲದ ಹುಡುಗರು ಸೊಲ್ಲಾಪುರದಲ್ಲಿ ಯಾರಿದ್ದಾರೆ? ಗಾಲಿ ಹತ್ತಿ ಹೋದ ನಾಣ್ಯವೂ ಅಗಲ, ಕಾಲರು ತಪ್ಪಿ ಒತ್ತಿದ ನಾಣ್ಯವೂ ಅಗಲ. ಆದರೆ ಕಾಲರು ತಪ್ಪಿದ್ದರಲ್ಲಿ ಅಕ್ಷರದ ಅಳತೆ ಬದಲಾಗಿರುವುದಿಲ್ಲ, ಸುತ್ತ ಖಾಲಿ ಜಾಗ ಹೆಚ್ಚಿರುತ್ತದೆ. ರೈಲಿನದರಲ್ಲಿ ಅಕ್ಷರಗಳೇ ಎಳೆದಂತೆ ಉದ್ದವಾಗಿ, ತೆಳ್ಳಗಾಗಿರುತ್ತವೆ.

ಹತ್ತು ರೂಪಾಯಿಯ ಎರಡು ಲೋಹದ ನಾಣ್ಯ ಬಂದ ಮೇಲೆ ನಕಲಿ ಮಾಡುವವರಿಗೆ ಹೊಸ ಉದ್ಯೋಗ ಸಿಕ್ಕಿದೆ. ನಡುವಿನ ಬಿಲ್ಲೆಯನ್ನು ಕಿತ್ತು, ತಿರುಗಿಸಿ ಕೂಡಿಸಿ ‘ಎರರ್’ ಎನ್ನುತ್ತಾರೆ. ಉಂಗುರವೂ ತಿರುಳೂ ಅಚ್ಚಿನ ಒಂದೇ ಏಟಿಗೆ ಬೆಸೆದುಕೊಳ್ಳುವುದರಿಂದ ಅಸಲಿ ತಪ್ಪಿನಲ್ಲಿ ಚಿತ್ರದ ಗೆರೆ ಕೂಡು ಜಾಗವನ್ನು ದಾಟಿ ಹಾಗೇ ಮುಂದುವರಿಯುತ್ತದೆ; ಕಿತ್ತು ಕೂಡಿಸಿದ್ದರಲ್ಲಿ ಅಲ್ಲೇ ತುಂಡಾಗುತ್ತದೆ. ಸರಿಯಾದ ನಾಣ್ಯದ ತೂಕ 7.71 ಗ್ರಾಂ, ವ್ಯಾಸ 27 ಮಿಲಿಮೀಟರ್. ಆಸಿಡ್ಡಿನಲ್ಲಿ ಅದ್ದಿ ತೆಳ್ಳಗೆ ಮಾಡಿದ್ದನ್ನು ಸರಾಫರ ತಕ್ಕಡಿಯೇ ಹಿಡಿದುಕೊಡುತ್ತದೆ. ಒಂದು ಕಡೆ ಹೀಗೆ ಕೆಡಿಸಿದ್ದಕ್ಕೆ ಸಾವಿರ ಕೊಡುವವರು, ಇನ್ನೊಂದು ಕಡೆ ಸರಿಯಿದ್ದುದನ್ನೇ ‘ನಡಿಯಂಗಿಲ್ಲ’ ಎಂದು ವಾಪಸು ದೂಡುವವರು! ಅಲ್ಲಿಯವರೆಗೆ ಬಂದಿದ್ದ ಹತ್ತು ರೂಪಾಯಿಯ 14 ನಮೂನೆಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲೇ ಹೇಳಿದೆ. ಹಳೇ ನಾಣ್ಯಕ್ಕೆ ಲಕ್ಷ ಕೊಡುತ್ತೇವೆಂದು ತನ್ನ ಹೆಸರಿನಲ್ಲಿ ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು 2021ರ ಆಗಸ್ಟಿನಲ್ಲಿ ಎಚ್ಚರಿಸಿದೆ. ಅಂದಹಾಗೆ, 2011ರ ನಾಣ್ಯ ಕಾಯ್ದೆಯ ಪ್ರಕಾರ ನಾಣ್ಯ ಕರಗಿಸುವುದೂ ನಾಶಮಾಡುವುದೂ ಅಪರಾಧ.

ಇಷ್ಟೂ ಯಂತ್ರದ ನಾಣ್ಯಗಳ ಮಾತು. ನಮ್ಮ ಸೀಮೆಯ ಹಳೇ ಪೆಟ್ಟಿಗೆ ತೆರೆದರೆ ಈ ಲೆಕ್ಕ ತಲೆಕೆಳಗು. ಶಿವರಾಯಿ ತಾಮ್ರದ ದುಡ್ಡನ್ನು ಸುತ್ತಿಗೆಯಿಂದ ಕೈಯಲ್ಲೇ ಹೊಡೆಯುತ್ತಿದ್ದರು. ನಡುವೆ ನೆಟ್ಟಗೆ ಅಚ್ಚು ಬಿದ್ದದ್ದೇ ಅಪರೂಪ. ಬಿಜಾಪುರದ ಎರಡನೇ ಅಲಿ ಆದಿಲ್‌ಶಾಹ ಹೊರಡಿಸಿದ ಲಾರಿ ಎಂಬುದು ಮಡಚಿದ ಬೆಳ್ಳಿ ತಂತಿ. ತಂತಿಗಿಂತ ಅಚ್ಚು ಅಗಲವಾದ್ದರಿಂದ ಅದರ ಮೇಲೆ ಅರ್ಧಂಬರ್ಧ ಅಕ್ಷರಗಳೇ ಇರುತ್ತವೆ. ಇವನ್ನು ‘ಆಫ್ ಸೆಂಟರ್ ಎರರ್’ ಎಂದು ಮಾರುವುದು ಶುದ್ಧ ಮೋಸ. ಹಾಗೆಯೇ 1943ರಿಂದ 1947ರವರೆಗಿನ ಒಂದು ಪೈಸೆಯ ನಡುವಿನ ತೂತು ಯಾರೋ ಕೊರೆದದ್ದಲ್ಲ, ಟಂಕಸಾಲೆಯದೇ.

ಹಾಳಾದದ್ದೆಲ್ಲ ಕಸವೂ ಅಲ್ಲ. ಒಂದು ಕಾಲಕ್ಕೆ ಅಕ್ಕಲಕೋಟೆಯ ಆಚೆಗೆ ಆಳಂದದ ಕಡೆ ನಿಜಾಮನ ಹಾಲಿ ಸಿಕ್ಕಾ, ಈಚೆ ಸೊಲ್ಲಾಪುರದಲ್ಲಿ ಇಂಗ್ಲಿಷರ ರೂಪಾಯಿ. ಸುಮಾರು ಏಳು ಹಾಲಿಗೆ ಆರು ಇಂಗ್ಲಿಷ್ ರೂಪಾಯಿಯ ವಿನಿಮಯ. ಹತ್ತಾರು ಬಗೆಯ ರೂಪಾಯಿ ಓಡಾಡುತ್ತಿದ್ದ ಕಾಲದಲ್ಲಿ ಸರಾಫರು ಬೆಳ್ಳಿ ಪರೀಕ್ಷಿಸಿ ತಮ್ಮ ಸಣ್ಣ ಮುದ್ರೆ ಒತ್ತುತ್ತಿದ್ದರು. ಕಟ್ಟುನಿಟ್ಟಾಗಿ ಹೇಳಿದರೆ ಅದೂ ಗಾಯವೇ. ನನಗಂತೂ ಅಂಥ ನಾಲ್ಕು ಮುದ್ರೆ ಬಿದ್ದ ರೂಪಾಯಿ ನುಣ್ಣನೆಯದಕ್ಕಿಂತ ಹೆಚ್ಚು ಬೇಕೆನಿಸುತ್ತದೆ.

ಮನೆಯಲ್ಲಿ ವಿಕ್ಟೋರಿಯಾ ರಾಣಿಯ ರೂಪಾಯಿ ಇದ್ದರೆ ಮೇಲಂಚು ನೋಡಿ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದು ಆಮೇಲೆ ಕಿತ್ತಿದ್ದರೆ ಅಲ್ಲಿ ಬೆಸುಗೆಯ ಬೂದು ಕಲೆ ಇರುತ್ತದೆ. ಅದನ್ನು ‘ಕಡ್’ ಎಂದು ಯಾರಾದರೂ ಹೊಗಳಿದರೆ ನಕ್ಕು ಸುಮ್ಮನಾಗಿ. ಮೂಲ ತೂಕ 11.66 ಗ್ರಾಂ, ಅದರಲ್ಲಿ ಶೇ. 91.67 ಬೆಳ್ಳಿ. ತೋರಿಸಲು ಒಯ್ಯುವ ಮುಂಚೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ತಿಕ್ಕಿದ ಗೀರುಗಳನ್ನೂ ತಜ್ಞರು ಹಾನಿಯ ಲೆಕ್ಕಕ್ಕೇ ಹಿಡಿಯುತ್ತಾರೆ.