ಮನೆಯ ಗಣಕಯಂತ್ರ: ಹೊಸದು ಕೊಳ್ಳುವ ಮೊದಲು ಪರೀಕ್ಷಿಸಿ ನೋಡಿ



ಕಳೆದ ಹಿಂಗಾರಿನಲ್ಲಿ ಕಡಲೆ ಬೆಳೆ ನೋಡಲೆಂದು ಐಹೊಳೆಗೆ ಹೋಗಿದ್ದೆ. ಹೊಲ ನೋಡಿ ಮುಗಿದ ಮೇಲೆ ಯಜಮಾನರು ಮನೆಗೆ ಕರೆದೊಯ್ದು, ಪಡಸಾಲೆಯ ಮೂಲೆಯಲ್ಲಿದ್ದ ಗಣಕಯಂತ್ರವನ್ನು ತೋರಿಸಿದರು. ಮಗನ ಓದಿಗೆಂದು ಎಂಟು ವರ್ಷದ ಹಿಂದೆ ತಂದದ್ದು. ಚಾಲೂ ಆಗಲು ಹತ್ತು ನಿಮಿಷ ಬೇಕು. ಪಹಣಿ ನೋಡಹೋದರೆ, ಬ್ಯಾಂಕಿನ ಖಾತೆ ತೆರೆಯಹೋದರೆ, 'ಈ ಸಂಪರ್ಕ ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಬಂದು ನಿಲ್ಲುತ್ತದೆ. ಬೆಳೆ ವಿಮೆಯ ಕೊನೆಯ ದಿನ ಬೇರೆ ಹತ್ತಿರ ಬಂದಿತ್ತು. ಅಂಗಡಿಯವರು ಹೊಸದನ್ನೇ ಕೊಳ್ಳಿರೆಂದು ಹೇಳಿ ಕಳಿಸಿದ್ದರಂತೆ.

"ಸಾಹೇಬ್ರ, ಇದಕ್ಕ ಇನ್ನ ರೊಕ್ಕ ಹಾಕೂಣೋ, ಮೂಲಿಗೆ ಒಗದು ಬಿಡೂಣೋ?" ಎಂದು ಅವರು ಕೇಳಿದರು. ನಾನು ಬೇಸಾಯಶಾಸ್ತ್ರದವನು, ಯಂತ್ರದವನಲ್ಲ. ಆದರೂ ನಮ್ಮ ಕಚೇರಿಯ ಹಳೆಯ ಯಂತ್ರಗಳೊಡನೆ ಹೆಣಗಿ ಇಷ್ಟು ಕಲಿತಿದ್ದೇನೆ.

ಮೊದಲು ತೆರೆಯ ಕೆಳಮೂಲೆಯ ಗಡಿಯಾರ ನೋಡಿದೆ. 2017ರ ಜನವರಿ 1 ಎಂದಿತ್ತು! ಯಂತ್ರದೊಳಗಿನ ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ ಒಂದು ಬ್ಯಾಟರಿ ಇರುತ್ತದೆ. ಹೆಚ್ಚಿನವುಗಳಲ್ಲಿ ಸಿಆರ್ 2032 ಎಂಬ 3 ವೋಲ್ಟಿನದು. ವಿದ್ಯುತ್ ಇಲ್ಲದಾಗಲೂ ತಾರೀಖನ್ನು ಕಾಯುವುದು ಇದೇ. ಇದು ಸತ್ತರೆ ಕರೆಂಟು ಹೋದಾಗಲೆಲ್ಲ ಯಂತ್ರ ಹಳೆಯ ತಾರೀಖಿಗೆ ಮರಳುತ್ತದೆ. ಬ್ಯಾಂಕು, ಸರ್ಕಾರಿ ಇಲಾಖೆಗಳ ತಾಣಗಳಿಗೆ ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಎಂಬ ಅವಧಿಯುಳ್ಳ ಪ್ರಮಾಣಪತ್ರ ಇರುತ್ತದೆ. 2017ರಲ್ಲೇ ಇದ್ದೇನೆಂದು ತಿಳಿದ ಯಂತ್ರವು ಆ ಪತ್ರ ಇನ್ನೂ ಜಾರಿಗೇ ಬಂದಿಲ್ಲವೆಂದು ಬಾಗಿಲು ಹಾಕುತ್ತದೆ. ತಾರೀಖು ಸರಿಪಡಿಸಿದ ಕೂಡಲೇ ಪಹಣಿ ತೆರೆಯಿತು. ಮರುದಿನ ಇಳಕಲ್ಲಿನಿಂದ ಬ್ಯಾಟರಿ ತರಿಸಿ ಹಾಕಿದರು. ತಾರೀಖು ಸರಿಯಿದ್ದೂ ಇಂಥ ಎಚ್ಚರಿಕೆ ಬಂದರೆ ಮಾತ್ರ, ಹಣದ ವ್ಯವಹಾರದಲ್ಲಿ ಎಂದಿಗೂ ಮುಂದುವರಿಯಬಾರದು.

ನಿಧಾನಗತಿಗೆ ಕಾರಣ ಬೇರೆ. ಮಣ್ಣಿನಲ್ಲಿ ಸತುವಿನ ಕೊರತೆ ಇರುವಾಗ ಯೂರಿಯಾ ಎಷ್ಟು ಸುರಿದರೂ ಬೆಳೆ ಏಳುವುದಿಲ್ಲವೆಂದು ತಾವು ಬಲ್ಲಿರಿ. ಇಲ್ಲಿಯೂ ಹಾಗೆಯೇ: ಯಾವುದು ಕಡಿಮೆಯೋ ಅದನ್ನೇ ಹೆಚ್ಚಿಸಬೇಕು. ಮಣ್ಣು ಪರೀಕ್ಷೆಯಂತೆ ಇದಕ್ಕೂ ಒಂದು ಪರೀಕ್ಷೆಯುಂಟು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಮೆಮೊರಿ ಸದಾ ಶೇ. 90ರ ಮೇಲಿದ್ದರೆ ರ‍್ಯಾಮ್ ಸಾಲದು. ಡಿಸ್ಕ್ ಸುಮ್ಮನೆ ಇರುವಾಗಲೂ ಶೇ. 100 ತೋರಿಸುತ್ತಿದ್ದರೆ ಹಾರ್ಡ್‌ಡಿಸ್ಕೇ ಅಡಚಣೆ. ಹಾರ್ಡ್‌ಡಿಸ್ಕಿನಲ್ಲಿ ತಿರುಗುವ ತಟ್ಟೆಯಿದ್ದು ಮಾಹಿತಿಯನ್ನು ಹುಡುಕಿ ಹುಡುಕಿ ಓದಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಐಹೊಳೆಯ ಯಂತ್ರದಲ್ಲಿ ದೋಷ ಇದೇ ಆಗಿತ್ತು. ಎಸ್‌ಎಸ್‌ಡಿ ಹಾಕಿದ ಮೇಲೆ ಅರ್ಧ ನಿಮಿಷದಲ್ಲಿ ಚಾಲೂ ಆಗುತ್ತಿದೆಯೆಂದು ಫೋನ್ ಮಾಡಿದ್ದರು.

ರ‍್ಯಾಮ್ ತರುವಾಗ ಹಳೆಯದನ್ನು ಕಿತ್ತು ಅಂಗಡಿಗೆ ಒಯ್ಯಿರಿ. ಡಿಡಿಆರ್ 3 ಇದ್ದಲ್ಲಿ ಡಿಡಿಆರ್ 4 ಕೂಡುವುದಿಲ್ಲ. ಕಚ್ಚಿನ ಸ್ಥಳವೇ ಬೇರೆ. ಯಂತ್ರ ಬಿಚ್ಚುವ ಮೊದಲು ಪ್ಲಗ್ಗು ತೆಗೆದು, ಲೋಹದ ಪೆಟ್ಟಿಗೆಯನ್ನು ಬರಿಗೈಯಲ್ಲಿ ಮುಟ್ಟಿರಿ. ಒಣಹವೆಯಲ್ಲಿ ಮೈಮೇಲೆ ಕೂಡುವ ವಿದ್ಯುತ್ತು ಚಿಪ್ಪುಗಳನ್ನು ಕೆಡಿಸಬಲ್ಲದು. ಜೋಳದ ರಾಶಿಯ ಕಾಲದಲ್ಲಿ ಪಂಖದೊಳಗೆ ಸೇರಿದ ಧೂಳನ್ನೂ ಆಗಲೇ ತೆಗೆಯಿರಿ. ಇನ್ನೊಂದು ಮಾತು: ಎರೆಭೂಮಿ ಬೇಸಿಗೆಯಲ್ಲಿ ಒಣಗಿ ಬಿರಿದಾಗ ಮನೆಯ ಅರ್ಥಿಂಗ್ ದುರ್ಬಲವಾಗುತ್ತದೆ. ಪೆಟ್ಟಿಗೆ ಮುಟ್ಟಿದರೆ ಜುಮ್ಮೆನ್ನುವುದು ಇದರ ಒಂದು ಲಕ್ಷಣ. ಅರ್ಥಿಂಗ್ ಗುಂಡಿಗೆ ಆಗಾಗ್ಗೆ ನೀರು ಹಾಕಿರಿ. ಆದರೂ ಜುಮ್ಮೆಂದರೆ ಲೈನ್‌ಮನ್ನರನ್ನು ಕರೆಯುವುದು ಒಳ್ಳೆಯದು.

ವಿಂಡೋಸ್ 10ರ ಸಾಮಾನ್ಯ ಸುರಕ್ಷತಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಮತ್ತು ಒಪ್ಪಿತ ಪ್ರೊಸೆಸರ್ ಬೇಕು. ಅನೇಕ ಹಳೆಯ ಯಂತ್ರಗಳಲ್ಲಿ ಇವು ಇಲ್ಲ. ಅಂಥವುಗಳಿಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಬಹುದು. ಪಹಣಿ ನೋಡಲು, ಲೆಕ್ಕ ಬರೆಯಲು ಅಷ್ಟು ಸಾಕು.

ಯಜಮಾನರ ಮಗ ನುಡಿಯಲ್ಲಿ ಬರೆದಿಟ್ಟಿದ್ದ ಬೇಸಾಯದ ಲೆಕ್ಕ ಇನ್ನೊಂದು ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತಿತ್ತು. ಕಡತ ಕೆಟ್ಟಿತೆಂದು ಅಳಿಸಲು ಹೊರಟಿದ್ದರು! ಹಳೆಯ ಫಾಂಟುಗಳಲ್ಲಿ ಅಕ್ಷರಗಳು ಇಂಗ್ಲಿಷ್ ಸಂಕೇತಗಳಾಗಿಯೇ ಉಳಿದು, ಫಾಂಟಿನಿಂದ ಮಾತ್ರ ಕನ್ನಡವಾಗಿ ತೋರುತ್ತವೆ. ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿದರೆ ಎಲ್ಲಿಯಾದರೂ ಓದಬಹುದು.

ಮೇಗುಟಿಯ ಗೋಡೆಯ ಮೇಲೆ ಕ್ರಿ.ಶ. 634ರಲ್ಲಿ ರವಿಕೀರ್ತಿ ಬರೆಸಿದ್ದು ಇಂದಿಗೂ ಓದಲು ಸಿಗುತ್ತದೆ. ಡಿಸ್ಕಿಗೆ ಆ ಆಯುಷ್ಯವಿಲ್ಲ. ಆದ್ದರಿಂದ ಡಿಸ್ಕ್ ಬದಲಿಸುವ ಮುನ್ನ ಲೆಕ್ಕ, ಫೋಟೋ, ದಾಖಲೆಗಳೆಲ್ಲವನ್ನೂ ನಕಲು ಮಾಡಿಕೊಂಡು, ಬೇರೆ ಯಂತ್ರದಲ್ಲಿ ತೆರೆದು ನೋಡಿ ಖಾತ್ರಿಪಡಿಸಿಕೊಳ್ಳಬೇಕು. ಒಂದು ನಕಲನ್ನು ಬೇರೆ ಊರಿನಲ್ಲಿರುವ ಬಂಧುಗಳ ಮನೆಯಲ್ಲಿಡಿ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿದ್ದು ತಮಗೆ ನೆನಪಿರಬಹುದು. ತೆಗೆದ ಹಳೆಯ ಡಿಸ್ಕನ್ನು ಯುಎಸ್‌ಬಿ ಪೆಟ್ಟಿಗೆಯಲ್ಲಿ ಹಾಕಿ ಇದಕ್ಕೆ ಬಳಸಬಹುದು. ಆದರೆ ಕಟಕಟ ಸದ್ದು ಮಾಡುವ ಡಿಸ್ಕಾದರೆ ಅದನ್ನು ನಂಬಬೇಡಿ.