22 ಶಾಟ್, 21 ಬುಟ್ಟಿ!

ಫೈನಲ್ ಪಂದ್ಯ. 22 ಸಲ ಬುಟ್ಟಿಗೆ ಗುರಿ ಇಟ್ಟರು. ತಪ್ಪಿದ್ದು ಒಂದೇ ಒಂದು!

1973ರ ಮಾರ್ಚ್ 26, ಅಮೆರಿಕದ ಸೇಂಟ್ ಲೂಯಿಸ್. ಕಾಲೇಜು ಬ್ಯಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ಯುಸಿಎಲ್‌ಎಗೆ ಎದುರಾಳಿ ಮೆಂಫಿಸ್ ಸ್ಟೇಟ್. ಅರ್ಧ ಆಟ ಮುಗಿದಾಗ 39–39, ಸಮ ಸಮ.

ಆಗಲೂ ಆಮೇಲೂ ಮಿಂಚಿದ್ದು ಯುಸಿಎಲ್‌ಎಯ ಬಿಲ್ ವಾಲ್ಟನ್. ಆರಡಿ ಹನ್ನೊಂದು ಇಂಚು ಎತ್ತರ. ಆದರೆ ಡಂಕ್ ಮಾಡುವಂತಿರಲಿಲ್ಲ, ಅಂದರೆ ಚೆಂಡನ್ನು ಮೇಲಿಂದ ಬುಟ್ಟಿಗೆ ತುರುಕುವಂತಿರಲಿಲ್ಲ. ಕಾಲೇಜು ಆಟದಲ್ಲಿ ಆಗ 1967ರಿಂದಲೇ ಅದಕ್ಕೆ ನಿಷೇಧವಿತ್ತು. ಹಾಗಾಗಿ ಸಹ ಆಟಗಾರ ಗ್ರೆಗ್ ಲೀ ಚೆಂಡನ್ನು ರಿಂಗ್ ಹತ್ತಿರ ಎತ್ತರಕ್ಕೆ ತೂರುತ್ತಿದ್ದರು. ವಾಲ್ಟನ್ ಜಿಗಿದು, ಗಾಳಿಯಲ್ಲೇ ಹಿಡಿದು, ಬೆರಳ ತುದಿಯಿಂದ ಮೆಲ್ಲಗೆ ಬುಟ್ಟಿಗೆ ಇಳಿಸುತ್ತಿದ್ದರು.

ಒಟ್ಟು 44 ಅಂಕ, 13 ರೀಬೌಂಡ್. 1965ರ ಫೈನಲ್‌ನಲ್ಲಿ ಯುಸಿಎಲ್‌ಎಯವರೇ ಆದ ಗೇಲ್ ಗುಡ್‌ರಿಚ್ ಗಳಿಸಿದ್ದ 42ರ ದಾಖಲೆ ಪುಡಿಪುಡಿ. ಗೆಲುವು 87–66. ಕೋಚ್ ಜಾನ್ ವುಡನ್ ತಂಡಕ್ಕೆ ಸತತ ಏಳನೇ ಕಿರೀಟ!

1967ರಲ್ಲಿ ಲ್ಯೂ ಆಲ್ಸಿಂಡರ್, ಅಂದರೆ ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಆದವರು, ಯುಸಿಎಲ್‌ಎ ಪರ ಒಂದೇ ಪಂದ್ಯದಲ್ಲಿ 61 ಅಂಕ ಹೊಡೆದಿದ್ದರು. ಅಂಕದ ಲೆಕ್ಕದಲ್ಲಿ ಅದೇ ದೊಡ್ಡದು. ಆದರೆ ಫೈನಲ್‌ನ ಒತ್ತಡದಲ್ಲಿ ಇಂಥ ಆಟ? ನನ್ನ ಮಟ್ಟಿಗೆ ಸಾಟಿಯೇ ಇಲ್ಲ.

ಕೊನೆಗೆ ಕಾಲು ಉಳುಕಿ ವಾಲ್ಟನ್ ಹೊರನಡೆದಾಗ ಆಸರೆಯಾದವರು ಯಾರು ಗೊತ್ತಾ? ಎದುರಾಳಿ ತಂಡದ ಲ್ಯಾರಿ ಫಿಂಚ್!