ಹವಳದ ಗೋಡೆ, ಕಾಂಕ್ರೀಟಿನ ಗೋಡೆ

ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಲ್ಲಿ ಹುಕುರು ಮಿಸ್ಕಿ ಎಂಬ ಹಳೆಯ ಮಸೀದಿಯಿದೆ. ಕಟ್ಟಿದ್ದು 1658ರಲ್ಲಿ. ಗೋಡೆ ಕಲ್ಲಿನದಲ್ಲ, ಹವಳದ್ದು. ಉಂಗುರಕ್ಕೆ ಕೂರಿಸುವ ಕೆಂಪು ಹವಳವಲ್ಲ. ಕಡಲಡಿಯ ದಿಬ್ಬದಿಂದ ಕಿತ್ತು ತಂದ ಬೂದು ಗಡ್ಡೆ. ಹಸಿ ಇದ್ದಾಗ ಉಳಿಗೆ ಸುಲಭವಾಗಿ ಬಗ್ಗುತ್ತದೆ, ಒಣಗಿದ ಮೇಲೆ ಗಟ್ಟಿ. ಬಡಗಿಗಳು ಮರಕ್ಕೆ ಕಚ್ಚು ಹಾಕುವಂತೆ ಇಲ್ಲಿ ಹವಳಕ್ಕೆ ಹಾಕಿದ್ದಾರೆ.

ಆ ದೇಶದಲ್ಲಿ ಬೇರೆ ಕಲ್ಲಾದರೂ ಎಲ್ಲಿಂದ ಬರಬೇಕು? ನೆಲವೆಂದರೆ ಹವಳದ ಪುಡಿಯೇ. ಸರಾಸರಿ ಎತ್ತರ ಒಂದೂವರೆ ಮೀಟರ್, ನಮ್ಮ ಮನೆಯ ಕಿಟಕಿಯ ನಡುಮಟ್ಟ. ಉಂಗುರದಂತಿರುವ ಇಂಥ ಹವಳದ ದ್ವೀಪಸಾಲಿಗೆ ಇಂಗ್ಲಿಷಿನವರು ಬಳಸುವ ‘ಅಟಾಲ್’ ಎಂಬ ಪದವೂ ಅಲ್ಲಿನ ದಿವೆಹಿ ಭಾಷೆಯದೇ.

1972ರಲ್ಲಿ ಮೊದಲ ರೆಸಾರ್ಟ್ ಬಂತು. ಮಾಲೆಗೆ ಜನ ಸೇರಿದರು, ಮನೆಗಳೆದ್ದವು. ಆಳವಿಲ್ಲದ ಕಡೆ ನಿಂತು ಹಾರೆಯಿಂದ ಹವಳ ಎಬ್ಬಿಸಿ ದೋಣಿಗೆ ತುಂಬುವುದು ಒಂದು ಕಸುಬೇ ಆಯಿತು. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಡುವಂತೆ ಅಲ್ಲಿ ಹವಳ ಸುಟ್ಟು ಸುಣ್ಣ ಮಾಡಿದರು. ಅಲೆಯ ಬಿರುಸನ್ನು ಮುರಿಯುತ್ತಿದ್ದುದು ಇದೇ ಹವಳದ ದಿಬ್ಬ. ಕಿತ್ತಲ್ಲಿ ವರ್ಷಗಳು ಕಳೆದರೂ ಹವಳ ಮತ್ತೆ ಬೆಳೆಯಲಿಲ್ಲ. ಜಾಗ ಸಾಲದೆಂದು ದಿಬ್ಬದ ಮೇಲೇ ಹವಳದ ಚೂರು ತುಂಬಿ ಊರನ್ನು ಕಡಲಿನತ್ತ ಹಿಗ್ಗಿಸಿದ್ದೂ ಆಯಿತು.

1987ರ ಏಪ್ರಿಲ್‌ನಲ್ಲಿ, ದೂರದ ದಕ್ಷಿಣದಲ್ಲೆಲ್ಲೋ ಎದ್ದ ಬಿರುಗಾಳಿಯ ಅಲೆಗಳು ಮಾಲೆಗೆ ನುಗ್ಗಿ, ತುಂಬಿದ ನೆಲವನ್ನು ಕೊಚ್ಚಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಗಯೂಮ್ ವಿಶ್ವಸಂಸ್ಥೆಯಲ್ಲಿ ನಿಂತು, ಕಡಲೇರಿದರೆ ತಮ್ಮ ದೇಶವೇ ಉಳಿಯದೆಂದರು. ಅವರ ಮಾತು ಸುಳ್ಳಲ್ಲ. ಆದರೆ ಆ ಏಪ್ರಿಲ್‌ನ ಹಾನಿಯ ಲೆಕ್ಕದಲ್ಲಿ ಹಾರೆಯ ಪಾಲನ್ನೂ ಬರೆಯಬೇಕು ಎಂದು ನನಗನ್ನಿಸುತ್ತದೆ.

ಆಮೇಲೆ ಜಪಾನಿನ ನೆರವಿನಲ್ಲಿ ಗೋಡೆ ಎದ್ದಿತು. ಕಡಲ್ಕೊರೆತಕ್ಕೆ ಉಳ್ಳಾಲದಲ್ಲಿ ಬಂಡೆ ಸುರಿದರೆ, ಅಲ್ಲಿ ಟೆಟ್ರಾಪಾಡ್: ನಾಲ್ಕು ಕಾಲಿನ ಕಾಂಕ್ರೀಟ್ ಗಟ್ಟಿಗಳು, ಹೇಗೆ ಬಿದ್ದರೂ ಒಂದಕ್ಕೊಂದು ತೊಡರಿ ಕೂರುವಂಥವು. ಊರ ಸುತ್ತ ಕೆಲಸ ಮುಗಿಯುವಾಗ 2002. ಎರಡು ವರ್ಷಕ್ಕೆ ಸುನಾಮಿ. ದೇಶದಲ್ಲಿ 80ಕ್ಕೂ ಹೆಚ್ಚು ಜನ ಸತ್ತರು. ಮಾಲೆಗೆ ನೀರು ನುಗ್ಗಿದರೂ ಇನ್ನೂ ದೊಡ್ಡ ಅನಾಹುತವನ್ನು ಗೋಡೆ ತಪ್ಪಿಸಿತು ಎಂಬ ಮಾತಿದೆ.

ಅಷ್ಟರಲ್ಲಿ ಪಕ್ಕದಲ್ಲಿ ಹುಲ್ಹುಮಾಲೆ ಎಂಬ ಹೊಸ ದ್ವೀಪ ಏಳುತ್ತಿತ್ತು. 1997ರಲ್ಲಿ ಶುರುವಾದದ್ದು, ಸುಮಾರು ಎರಡು ಮೀಟರ್ ಎತ್ತರದ್ದು. ಅದಕ್ಕೆ ಸುರಿದ ಮರಳನ್ನು ಹೀರಿದ್ದು ಹವಳದ ದಿಬ್ಬದ ಒಳಗಿನ ಹಿನ್ನೀರಿನಿಂದಲೇ.